ಒಂದು ಇಟ್ಟಿಗೆಗೆ ಎಷ್ಟು ಬಿತ್ತು

ಮುಂದಿನ ರೂಮನ್ನು ಸಂಗೀತದ ಮೇಷ್ಟರಿಗೆ ಬಾಡಿಗೆಗೆ ಕೊಡುವ ಮಾತು ಬಂದಾಗ ಅವಳು ರೋಷದಲ್ಲಿ ಮಾತು ಕೊಟ್ಟುಬಿಟ್ಟಳು. "ನನ್ನ ವ್ಯಾಪಾರದ ಲೆಕ್ಕ ಹಾಕಿ ನೋಡಿ. ನಷ್ಟ ಅಂತ ಬಂದ್ರೆ ನಾನೇ ರೂಮು ಖಾಲಿ ಮಾಡ್ಕೊಡ್ತೀನಿ."

ಲೆಕ್ಕ ಹಾಕುವವನು ಯಾರು? ಬೋಲ್ಟು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತನಾದ ಗಂಡ. ಕಿವಿಯ ಮೇಲೆ ಪೆನ್ಸಿಲ್ ಇಲ್ಲದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ತಾನಾಗಿಯೇ ಅವನ ಕೈಗೆ ಜುಟ್ಟು ಕೊಟ್ಟೆನಲ್ಲಾ ಎಂದು ಅವಳಿಗೆ ಮರುಕ್ಷಣವೇ ಅನ್ನಿಸಿತು.

ಮಕ್ಕಳು ಬೆಳೆದುಬಿಟ್ಟ ಮನೆಗಳಿಂದ, ಒಂದಕ್ಕೊಂದು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳ ಹಳೇ ಡಬ್ಬಗಳನ್ನು ಕೊಂಡು ತರುವುದು, ತೊಳೆದು ವಿಂಗಡಿಸುವುದು, ಯಾರಿಗೆ ಯಾವ ತುಂಡು ಕಳೆದುಹೋಗಿದೆಯೋ ಅವರಿಗೆ ಅದೊಂದನ್ನೇ ಬಿಡಿಯಾಗಿ ಮಾರುವುದು, ಇದು ಆ ಮುಂದಿನ ರೂಮಿನಲ್ಲಿ ಅವಳು ನಡೆಸುವ ವ್ಯಾಪಾರ. ಗಂಡ ಅದನ್ನು ವ್ಯಾಪಾರ ಎಂದು ಕರೆದವನೇ ಅಲ್ಲ. "ಇವಳ ಆಟದ ಸಾಮಾನು" ಎನ್ನುತ್ತಿದ್ದ. ಬಂದ ನೆಂಟರ ಮುಂದೆಯೂ ಅದೇ ಮಾತು. ಅದು ಅವಳಿಗೆ ಚುಚ್ಚುತ್ತಿತ್ತು.

ಈಚೆಗೆ ತಂದ ಒಂದು ಡಬ್ಬವನ್ನು ಮುಂದಿಟ್ಟುಕೊಂಡು ಅವನು ಶುರುಮಾಡಿದ. ಕೊಂಡದ್ದು ಮೂರು ಸಾವಿರಕ್ಕೆ, ಸೋಪು, ಕವರು, ಟೇಪು, ಸಾಗಾಟ ಎಲ್ಲ ಸೇರಿ ಆರುನೂರು. ತುಂಡುಗಳು ಸಾವಿರದ ಐನೂರು. ಭಾಗಿಸಿದರೆ ಒಂದಕ್ಕೆ ಎರಡು ರೂಪಾಯಿ ನಲವತ್ತು ಪೈಸೆ.

"ಈ ಕೆಂಪು ಇಟ್ಟಿಗೆ ಒಂದು ರೂಪಾಯಿಗೆ ಮಾರ್ತೀಯ. ಒಂದು ನಲವತ್ತು ಕೈಬಿಟ್ಟು ಹೋಯ್ತು. ಇಂಥವು ಸಾವಿರದ ಮುನ್ನೂರಿವೆ. ಬಾಗಿಲು ಹಾಕು ಕಣೇ."

"ಹಾಗಾದ್ರೆ ಈ ಕತ್ತಿ ಹಿಡಿದ ಗೊಂಬೆ ಸರದಾರನಿಗೂ ಎರಡು ನಲವತ್ತೇ? ಅವನು ತೊಂಬತ್ತಕ್ಕೆ ಹೋಗ್ತಾನೆ!"

"ಒಟ್ಟಿಗೆ ಕೊಂಡ ಲಾಟು ಅಂದ್ಮೇಲೆ ಎಲ್ಲ ಒಂದೇ ರೇಟು."

"ರೀ, ಇವು ಬೋಲ್ಟಲ್ಲ. ಇವನಿಗೋಸ್ಕರಾನೇ ನಾನು ಡಬ್ಬ ತಗೊಂಡಿದ್ದು. ಎಲ್ಲ ಮಾರಿದ್ರೆ ಆರು ಸಾವಿರ ಬರುತ್ತೆ. ಖರ್ಚು ಮೂರು ಸಾವಿರದ ಆರುನೂರು. ಅಂದ್ರೆ ಬರೋ ನೂರಕ್ಕೆ ಅರವತ್ತು ಖರ್ಚು. ಸರದಾರನ ತಲೆಗೆ ಐವತ್ತನಾಲ್ಕು ಹಾಕಿ, ಇಟ್ಟಿಗೆಗೆ ಅರವತ್ತು ಪೈಸೆ ಹಾಕಿ. ಹೆಚ್ಚು ದುಡಿಯೋನು ಹೆಚ್ಚು ಹೊರಲಿ."

ಅವನು ಪೆನ್ಸಿಲ್ ಕಚ್ಚಿಕೊಂಡು ಕೂತ. ಹೆಂಡತಿ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ಅವನಿಗೆ ಅರ್ಧ ಗಂಟೆ ಬೇಕಾಯಿತು, ಅದೂ ಮಾತಿನಲ್ಲಲ್ಲ, ಹೊಸ ಹಾಳೆ ತೆಗೆದುಕೊಂಡು. ಬರೆಯುತ್ತಾ ಬರೆಯುತ್ತಾ ಮುಖ ಅರಳಿತು. ಕೊನೆಗೆ ಮದುವೆ ಗೊತ್ತುಮಾಡಿ ಬಂದವನ ಠೀವಿಯಲ್ಲಿ ಹೇಳಿದ: "ಎರಡು ಸಾವಿರದ ನಾನೂರು ಲಾಭ! ರೂಮು ನಿಂದೇ."

ಅವಳು ಕುಣಿಯಬೇಕಿತ್ತು. ಆದರೆ ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಸೋಪು ಇತ್ತು. ಟೇಪು ಕೂಡ ಇತ್ತು.

"ಇದರಲ್ಲಿ ನಾನೆಲ್ಲಿದ್ದೀನಿ?"

"ನೀನಾ? ನಿಂಗೇನು ಖರ್ಚು? ಮನೇಲೇ ಇರ್ತೀಯಲ್ಲ."

"ನಿಮ್ಮ ಫ್ಯಾಕ್ಟರಿಯಲ್ಲಿ ಬೋಲ್ಟು ಆರಿಸೋ ಹೆಂಗಸರಿಗೆ ಗಂಟೆಗೆ ಎಷ್ಟು ಕೊಡ್ತಿದ್ರಿ?"

"ಅರವತ್ತೈದು."

"ಈ ಡಬ್ಬಕ್ಕೆ ನನಗೆ ನಲವತ್ತು ಗಂಟೆ ಹಿಡೀತು. ಬರೀರಿ."

ಎರಡು ಸಾವಿರದ ಆರುನೂರು ಎಂದು ಅವನು ಬರೆದ. ಲಾಭ ಹೋಗಿ ಇನ್ನೂರು ನಷ್ಟ ನಿಂತಿತು. ಇಬ್ಬರೂ ಆ ಇನ್ನೂರನ್ನೇ ನೋಡಿದರು. ಕೊಟ್ಟ ಮಾತು ಅವಳದ್ದೇ.

ಅವನು ಮೆಲ್ಲಗೆ ರಬ್ಬರ್ ಎತ್ತಿಕೊಂಡ. "ಅಳಿಸಿಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ಬೇಡ." ಅವಳು ಹಾಳೆಯ ಮೇಲೆ ಅಂಗೈ ಇಟ್ಟಳು. "ರೂಮು ಹೋದ್ರೆ ಹೋಗ್ಲಿ. ನನ್ನ ಕೂಲಿ ಇರ್ಲಿ."

ಅವನು ಅವಳನ್ನು ನೋಡಿದ. ಇಂಥ ಮುಖವನ್ನು ಅವನು ಈ ಮನೆಯಲ್ಲಿ ಹಿಂದೆ ಕಂಡಿರಲಿಲ್ಲ, ಅಥವಾ ಕಂಡರೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ರಬ್ಬರನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ಬಹಳ ಹೊತ್ತು ಹಾಳೆ ತಿರುವಿಹಾಕಿದ. ಆಮೇಲೆ ಕೇಳಿದ: "ಒಂದು ರೂಪಾಯಿಗೆ ಮಾರೋ ಆ ಸಾವಿರದ ಮುನ್ನೂರು ಇಟ್ಟಿಗೆ ವಿಂಗಡಿಸೋಕೆ ಎಷ್ಟು ಹೊತ್ತಾಯ್ತು?"

"ಮೂವತ್ತೆರಡು ಗಂಟೆ."

"ನಾವು ವಾಷರ್ ಎಣಿಸ್ತಾನೇ ಇರ್ಲಿಲ್ಲ ಕಣೇ, ತೂಗಿ ಕೊಡ್ತಿದ್ವಿ. ಮುಂದಿನ ಡಬ್ಬದಿಂದ ಇದನ್ನೂ ವಿಂಗಡಿಸದೆ ಕಿಲೋ ಲೆಕ್ಕದಲ್ಲಿ ಕೊಡು. ಸಾವಿರದ ಮುನ್ನೂರರ ಬದಲು ಎಂಟುನೂರು ಬಂದ್ರೂ ಸಾಕು. ಉಳಿದ ಎಂಟು ಗಂಟೆಗೆ ನಿನ್ನ ಕೂಲಿ ಐನೂರ ಇಪ್ಪತ್ತು." ಪೆನ್ಸಿಲ್ ಓಡಿತು. "ಎಲ್ಲ ಕಳೆದು ಸಾವಿರದ ಮುನ್ನೂರ ಎಂಬತ್ತು ಲಾಭ. ನಿನ್ನ ಕೂಲಿ ಕೊಟ್ಟ ಮೇಲೆ."

ಅವಳು ತಾಳೆ ನೋಡಲು ಹಾಳೆ ಎಳೆದುಕೊಂಡಳು. ಲೆಕ್ಕ ಸರಿಯಿತ್ತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಸಂಗೀತದ ಮೇಷ್ಟರು, ರೂಮಿನ ವಿಚಾರ ಏನಾಯಿತೆಂದು ಕೇಳುತ್ತಿದ್ದರು.

"ಇಲ್ಲ ಸಾರ್, ಕೊಡೋಕಾಗಲ್ಲ," ಎಂದ ಅವನು. "ಅದು ನಮ್ಮ ಮನೆಯವರ ಆಫೀಸು."

ಅವಳು ಸಾವಿರದ ಮುನ್ನೂರ ಎಂಬತ್ತನ್ನು ಮತ್ತೊಮ್ಮೆ ಕೂಡಿ ನೋಡಲು ಹೋದಳು. ಅಂಕಿಗಳು ಮಂಜಾಗಿದ್ದವು.