ಮೂವತ್ತು ನಿಂಬೆ ಗಿಡಗಳ ದಾವೆ

ಇನ್ನೊಬ್ಬರ ತಪ್ಪು ಹುಡುಕುವುದರಲ್ಲಿ ಪಾಯಿಂಟಪ್ಪನವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಮಾತೆತ್ತಿದರೆ 'ಇದು ಪಾಯಿಂಟು' ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು; ಹೆತ್ತವರು ಇಟ್ಟ ಹೆಸರು ಅವರಿಗೇ ಮರೆತುಹೋಗಿದ್ದರೂ ಆಶ್ಚರ್ಯವಿಲ್ಲ. ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್ಕು. ಪಕ್ಕದ ಹೊಲದವನ ಎಮ್ಮೆ ಬೇಲಿಯೊಳಗೆ ಮೂತಿ ತೂರಿಸಿದರೆ ದಿನಾಂಕ, ಗಂಟೆ, ಎಮ್ಮೆಯ ಕೊಂಬಿನ ಗುರುತು ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಎಮ್ಮೆ ಓಡಿಸುವ ಕೆಲಸ ಮಾತ್ರ ಹೆಂಡತಿಯದು.

ಎರಡು ವರ್ಷದ ಹಿಂದೆ ಆ ಪಕ್ಕದ ಹೊಲದವನು ಕೊಯ್ಲು ಮುಗಿಸಿ ಕೂಳೆಗೆ ಬೆಂಕಿ ಇಟ್ಟ. ಬೆಂಕಿ ಬದು ದಾಟಿ ಬಂದು, ಪಾಯಿಂಟಪ್ಪನವರ ಹೆಂಡತಿ ಬೆಳೆಸಿದ್ದ ಮೂವತ್ತು ನಿಂಬೆ ಗಿಡಗಳನ್ನು ಕರಕಲು ಮಾಡಿತು. ಐದು ವರ್ಷ ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದ ಗಿಡಗಳು. ಆ ವರ್ಷವಷ್ಟೇ ಕಾಯಿ ಕಚ್ಚಿದ್ದವು. ಆಕೆ ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೆಯ ದಿನ ಪಾಯಿಂಟಪ್ಪನವರು, ಒಂದೊಂದು ಗಿಡಕ್ಕೂ ಅವನ ಕೈಲಿ ಜವಾಬು ಹೇಳಿಸುತ್ತೇನೆ ಎಂದು ಮಾತು ಕೊಟ್ಟರು. ಹಸಿವೆಯಲ್ಲಿದ್ದುದರಿಂದ ಮಾತಿನಲ್ಲಿ ಒಳ್ಳೆಯ ಬಿಸಿಯಿತ್ತು.

ಪಟ್ಟಣದ ವಕೀಲರು ಕೇಸಿನ ಹುರುಳನ್ನು ಬಿಡಿಸಿ ಹೇಳಿದರು. ಬೆಂಕಿ ಇಟ್ಟ ಎಂದರೆ ಸಾಲದು, ಇಟ್ಟು ಕಾವಲಿಲ್ಲದೆ ಬಿಟ್ಟುಹೋದ ಎಂದು ತೋರಿಸಬೇಕು. ಅದಕ್ಕೆ ಸಾಕ್ಷಿ ಸಿಗುವುದೇ ಕಷ್ಟ. ಪಾಯಿಂಟಪ್ಪನವರು ಮುಗುಳ್ನಕ್ಕು ನೋಟ್‌ಬುಕ್ಕು ಬಿಚ್ಚಿಟ್ಟರು. ಹತ್ತು ಗಂಟೆಗೆ ಬೆಂಕಿ. ಹತ್ತೂಕಾಲಿಗೆ ಗಾಳಿ ನಮ್ಮ ಕಡೆ. ಹತ್ತೂವರೆಗೆ ಎದುರು ಪಕ್ಷದವನು ಟವೆಲು ಎತ್ತಿದ, ನಾನೂ ಎತ್ತಿದೆ, ಅವನು ತಿಂಡಿಗೆ ಹೋದ. ಹತ್ತೂ ಮುಕ್ಕಾಲಿಗೆ ಬದು ದಾಟಿತು. ಆಮೇಲೆ ಮೊದಲನೆಯ ಗಿಡ, ಎರಡನೆಯ ಗಿಡ ಎಂದು ಮೂವತ್ತರ ತನಕ, ನಿಮಿಷದ ಲೆಕ್ಕದಲ್ಲಿ. ಗಿಡ ಇನ್ನೂ ಉರಿಯುತ್ತಿರುವಾಗಲೇ ಪಕ್ಕದವನನ್ನು 'ಎದುರು ಪಕ್ಷ' ಎಂದು ಬರೆದುಕೊಂಡ ಕಕ್ಷಿದಾರನನ್ನು ವಕೀಲರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಖುಷಿಯಿಂದ ನೋಟ್‌ಬುಕ್ಕನ್ನು ಕೋರ್ಟಿಗೆ ಕೊಟ್ಟುಬಿಟ್ಟರು.

ವಿಚಾರಣೆಯ ದಿನ ಪಕ್ಕದ ಹೊಲದವನು ಕಟಕಟೆಗೆ ಬಂದ. ಬೆಂಕಿ ಬಿಟ್ಟು ಏಕೆ ಹೋದೆ ಎಂದು ಪಟ್ಟಣದ ವಕೀಲರು ಕೇಳಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

"ಟವೆಲು ಎತ್ತಿದೆ ಸ್ವಾಮಿ. ಈ ಪಾಯಿಂಟಪ್ಪಣ್ಣನೂ ಎತ್ತಿದ್ರು. ಇನ್ನೇನು ಭಯ ಅಂತ ಹೋದೆ."

ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ: ಹೊಲ ಸುಡುವಾಗ ಯಾರೂ ಬೆಂಕಿ ಬಿಟ್ಟು ಕದಲುವುದಿಲ್ಲ. ಹೋಗಲೇಬೇಕಾದರೆ ಪಕ್ಕದವನಿಗೆ ಟವೆಲು ಎತ್ತಿ ತೋರಿಸಬೇಕು. ಅವನೂ ಎತ್ತಿದರೆ ಅಲ್ಲಿಂದಾಚೆಗೆ ಕಾವಲು ಅವನದು. ತಾತಂದಿರ ಕಾಲದಿಂದ ಹೀಗೇ ನಡೆದು ಬಂದಿದೆ. ನ್ಯಾಯಾಧೀಶರು ನೋಟ್‌ಬುಕ್ಕು ತರಿಸಿ 'ನಾನೂ ಎತ್ತಿದೆ' ಎಂಬುದನ್ನು ಎರಡು ಸಲ ಓದಿದರು. ಪಟ್ಟಣದ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಪಾಯಿಂಟಪ್ಪನವರದು ನಲವತ್ತು ವರ್ಷದ ರೂಢಿ. ಬಲಗೈ ಬರೆಯುತ್ತಿದ್ದಾಗ ಎಡಗೈ ತನ್ನಷ್ಟಕ್ಕೆ ಟವೆಲು ಎತ್ತಿಬಿಟ್ಟಿತ್ತು, ಬಲಗೈ ಅದನ್ನೂ ನಿಷ್ಠೆಯಿಂದ ಬರೆದುಕೊಂಡಿತ್ತು.

ಪಾಯಿಂಟಪ್ಪನವರು ಬಿಡಲಿಲ್ಲ. ಅದು ಬೆವರು ಒರೆಸಲು ಎತ್ತಿದ ಟವೆಲು ಎಂದು ವಾದಿಸಿ, ಆ ದಿನ ಪಕ್ಕದಲ್ಲೇ ಇದ್ದ ಹೆಂಡತಿಯನ್ನು ಸಾಕ್ಷಿಯಾಗಿ ಕರೆಸಿದರು. ಏನು ಹೇಳಬೇಕೆಂದು ವಾರವಿಡೀ ಮನೆಯಲ್ಲಿ ಪಾಠ ಒಪ್ಪಿಸಿಕೊಂಡಿದ್ದರು. ಆಕೆ ಕಟಕಟೆಯ ಕಂಬಿ ಹಿಡಿದು ನಿಂತಳು.

"ಬೆವರು ಒರೆಸೋಕಲ್ಲ ಸ್ವಾಮಿ, ನೋಡ್ಕೋತೀನಿ ಅಂತಲೇ ಎತ್ತಿದ್ರು. ಬೆಂಕಿ ಬದುವಿಗೆ ಬಂದಾಗ ನಾನು ಬಿಂದಿಗೆ ಎತ್ಕೊಂಡು ಹೊರಟೆ. ನೀನು ಆರಿಸಿದ್ರೆ ಕೇಸು ನಿಲ್ಲಲ್ಲ, ಕೂತ್ಕೋ ಅಂದ್ರು. ಕೂತೆ. ಗಿಡ ನನ್ನವು. ಯಾರು ಬೇಡ ಅಂದ್ರೂ ನಾನು ಓಡಬೇಕಿತ್ತು. ತಪ್ಪು ಬರ್ಕೊಳ್ಳೋದಾದ್ರೆ ನನ್ನ ಹೆಸರೂ ಬರ್ಕೊಳ್ಳಿ."

ಗುಮಾಸ್ತ ನಿಜವಾಗಿಯೂ ಬರೆಯತೊಡಗಿದ. ಆ ದಿನ ಉರಿದದ್ದು ಕೇಸಲ್ಲ, ಇವಳ ಐದು ವರ್ಷ ಎಂದು ಪಾಯಿಂಟಪ್ಪನವರಿಗೆ ಹೊಳೆದದ್ದು ಅದನ್ನು ಕಂಡಾಗಲೇ. ವಕೀಲರು ಅಂಗಿ ಹಿಡಿದು ಎಳೆಯುತ್ತಿದ್ದರೂ ಎದ್ದು ನಿಂತರು.

"ಅವಳ ಹೆಸರು ಹೊಡೆದುಹಾಕಿ ಸ್ವಾಮಿ. ಅವಳು ಎದ್ದಾಗಲೆಲ್ಲ ಕೂರಿಸಿದ್ದು ನಾನು. ತಪ್ಪು ನನ್ನದು."

ನ್ಯಾಯಾಧೀಶರು ಇದಕ್ಕೆ ಯಾರದಾದರೂ ತಕರಾರಿದೆಯೇ ಎಂದು ಕೇಳಿದರು. ಎರಡು ವರ್ಷ ಪ್ರತಿ ಸಾಲಿಗೂ ಎದ್ದು ನಿಂತು ಕಿತ್ತಾಡಿದ್ದ ಎರಡೂ ಕಡೆಯ ವಕೀಲರು ಕೂತಲ್ಲಿಂದ ಏಳಲಿಲ್ಲ.