ಬೈಸಿಕೊಂಡ ಮೇಲೆ ಊಟ

ಮೇಲಿನ ಕೋಣೆಯನ್ನು ಯಾರಿಗಾದರೂ ಬಿಟ್ಟುಕೊಡಲು ಲಾಂಡ್ರಿಯ ಯಜಮಾನಿಗೆ ಸುತರಾಂ ಮನಸ್ಸಿರಲಿಲ್ಲ. ಅಲ್ಲಿ ಯಾರೂ ಬಿಡಿಸಿಕೊಂಡು ಹೋಗದ ಬಟ್ಟೆಗಳ ಗಂಟುಗಳು, ಕಾಲು ಮುರಿದ ಮೇಜು, ತಳ ಒಡೆದ ಬಕೆಟ್ಟುಗಳು ಇದ್ದವು. ಎಲ್ಲವೂ ಮುಂದೆ ಒಂದು ದಿನ ಉಪಯೋಗಕ್ಕೆ ಬರುತ್ತವೆ ಎಂದು ಆಕೆ ಹೇಳಿಕೊಂಡು ಬಂದು ವರ್ಷಗಳೇ ಆಗಿದ್ದವು. ಗಂಡನ ಸ್ವಭಾವ ಬೇರೆ. ಕೇಳಿದವರಿಗೆ ಇಲ್ಲ ಎನ್ನಲು ಅವನ ನಾಲಿಗೆಯೇ ಹೊರಳುತ್ತಿರಲಿಲ್ಲ. ಆ ‘ಇಲ್ಲ’ವನ್ನು ಆಮೇಲೆ ಹೇಳಿ ಕೆಟ್ಟವಳಾಗುವ ಕೆಲಸ ಹೆಂಡತಿಯ ಪಾಲಿಗೆ ಬರುತ್ತಿತ್ತು.

ಈ ಸಲ ಕೇಳಿದವರು ಕೊಡೆ ಮೇಡಂ. ಬಿಸಿಲಿರಲಿ, ಮೋಡವಿರಲಿ, ಕೊಡೆಯಿಲ್ಲದೆ ಮನೆಯಿಂದ ಹೊರಬೀಳದ ಅವರಿಗೆ ಲಾಂಡ್ರಿಯವರು ಇಟ್ಟ ಹೆಸರು ಅದು. ಮನೆಯಿಲ್ಲದೆ ಬಸ್ ನಿಲ್ದಾಣದಲ್ಲೋ ಗೆಳೆಯರ ಮನೆಯ ನೆಲದ ಮೇಲೋ ದಿನ ದೂಡುವ ಹುಡುಗ ಹುಡುಗಿಯರಿಗೆ ಮಲಗಲು ಜಾಗ ಕೊಡುವ ಸಂಸ್ಥೆಯೊಂದನ್ನು ಅವರು ನಡೆಸುತ್ತಿದ್ದರು. ಅಲ್ಲಿನ ಹೊದಿಕೆಗಳನ್ನು ಲಾಂಡ್ರಿ ಪ್ರತಿ ವಾರ ಪುಕ್ಕಟೆಯಾಗಿ ಒಗೆದುಕೊಡುತ್ತಿತ್ತು. ಅದೂ ಗಂಡ ಕೊಟ್ಟ ಮಾತೇ.

“ಹೊದಿಕೆ ಒಗೆದುಕೊಡ್ತೀರಿ, ದೊಡ್ಡ ಉಪಕಾರ. ಆದ್ರೆ ಬರೀ ಹೊದಿಕೆ ಹೊದಿಸಿ ಎಷ್ಟು ದಿನ ಮಲಗಿಸೋದು, ಹೇಳಿ,” ಎಂದರು ಕೊಡೆ ಮೇಡಂ. “ಬಾಡಿಗೆಗೆ ಮನೆ ಕೇಳಿದ್ರೆ ಕೆಲಸ ಎಲ್ಲಿ ಅಂತಾರೆ. ಕೆಲಸ ಕೇಳಿದ್ರೆ ವಿಳಾಸ ಎಲ್ಲಿ ಅಂತಾರೆ. ಎರಡೂ ಒಟ್ಟಿಗೆ ಸಿಗೋ ಕಡೆ ಒಬ್ಬಳನ್ನ ನಿಲ್ಲಿಸಬೇಕು ಅಂತ ನನ್ನಾಸೆ. ನೀವು ಕೆಲಸ ಕಲಿಸಿ, ಕೋಣೆ ಕೊಡಿ. ನಾನು ವಾರಕ್ಕೊಮ್ಮೆ ಬಂದು ನೋಡ್ತೀನಿ. ಏನೇ ಹೆಚ್ಚುಕಡಿಮೆ ಆದ್ರೂ ನನ್ನನ್ನ ಕೇಳಿ.”

“ಅದಕ್ಕೇನಂತೆ,” ಎಂದುಬಿಟ್ಟ ಗಂಡ.

ಮೇಡಂ ಮರೆಯಾಗುವವರೆಗೂ ಯಜಮಾನಿ ಕಾದಳು. ಆಮೇಲೆ ಕೇಳಿದಳು: “ಊರ ಉಸಾಬರಿಯೆಲ್ಲ ನಮಗೇ ಬೇಕಾ?”

“ಕೋಣೆ ಖಾಲಿ ಇದೆಯಲ್ಲ.”

“ಖಾಲಿ ಎಲ್ಲಿದೆ? ನನ್ನ ಸಾಮಾನಿಲ್ವಾ?”

“ಸಾಮಾನಿಗೇನು ನಿದ್ದೆ ಬರುತ್ತಾ? ಎಲ್ಲಿಟ್ರೂ ಇರುತ್ತೆ.”

ಹಾಗೆ ಸಾಮಾನು ಹಿತ್ತಲಿಗೆ ಹೋಯಿತು, ಕೋಣೆಗೆ ಹುಡುಗಿ ಬಂದಳು. ಹತ್ತೊಂಬತ್ತರ ಹುಡುಗಿ, ಹೆಗಲಿಗೊಂದು ಚೀಲ. ತಾಯಿ ತೀರಿಕೊಂಡ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದಿದ್ದಳಂತೆ. ಚಿಕ್ಕಮ್ಮನ ಮಗನಿಗೆ ಮದುವೆ ಗೊತ್ತಾದಾಗ ಮನೆಯಲ್ಲಿ ಜಾಗ ಸಾಲದೆ ಹೋಯಿತು. ಅಲ್ಲಿಂದ ಸೋದರಮಾವನ ಮನೆ, ಅಲ್ಲಿಂದ ಒಬ್ಬ ಗೆಳತಿಯ ಮನೆ. ಕೊನೆಗೆ ಆಸ್ಪತ್ರೆಯೊಂದರ ಹೊರಗಿನ ಬೆಂಚಿನ ಮೇಲೆ, ಯಾರೋ ರೋಗಿಯ ಕಡೆಯವಳ ಹಾಗೆ ಕೂತು ಕಾಲ ಕಳೆಯುತ್ತಿದ್ದವಳು ಕೊಡೆ ಮೇಡಂ ಕಣ್ಣಿಗೆ ಬಿದ್ದಿದ್ದಳು.

ಕೆಲಸದಲ್ಲಿ ಚುರುಕು. ಆದರೆ ಏನು ಕೇಳಿದರೂ ಒಂದೇ ಉತ್ತರ. ಇನ್ನೊಂದು ಲೋಟ ಚಹಾ ಬೇಕಾ? ಪರವಾಗಿಲ್ಲ. ಕೋಣೆಯಲ್ಲಿ ಸೆಕೆಯಾಗುತ್ತಾ? ಪರವಾಗಿಲ್ಲ. ಒಮ್ಮೆ ಒದ್ದೆ ಬಟ್ಟೆಯ ಬುಟ್ಟಿ ಕಾಲ ಮೇಲೆ ಬಿದ್ದಾಗಲೂ, ಯಾರೂ ಕೇಳುವ ಮೊದಲೇ, “ಪರವಾಗಿಲ್ಲ” ಎಂದಿದ್ದಳು. ಇಸ್ತ್ರಿ ಮಾಡುವ ಮುದುಕನನ್ನು ಎಲ್ಲರೂ ಇಸ್ತ್ರಿ ಮಾಮ ಎನ್ನುತ್ತಿದ್ದರು. ಅವನು ಅವಳಿಗೆ ‘ಪರವಾಗಿಲ್ಲ’ ಎಂದೇ ಹೆಸರಿಟ್ಟ. “ಏ ಪರವಾಗಿಲ್ಲ, ಆ ನೀರಿನ ಬಾಟಲಿ ತಾರಮ್ಮ,” ಎಂದರೆ ಓಡಿಬರುತ್ತಿದ್ದಳು.

ಒಂದು ದಿನ ದಿಂಬು ಕೊಡಲು ಮೇಲೆ ಹೋದ ಯಜಮಾನಿ ಬೀರುವಿನ ಬಾಗಿಲು ತೆರೆದಿದ್ದನ್ನು ನೋಡಿದಳು. ಒಳಗೆ ಏನೂ ಇರಲಿಲ್ಲ. ಬಟ್ಟೆ, ಬಾಚಣಿಗೆ, ಇನ್ನೂ ಒದ್ದೆಯಿದ್ದ ಟವೆಲ್ಲು ಸಹ ಚೀಲದಲ್ಲೇ ಇದ್ದವು. ಚೀಲ ಬಾಗಿಲ ಪಕ್ಕದಲ್ಲಿತ್ತು.

“ಬೀರುವಿನಲ್ಲಿ ಇಟ್ಕೋಬಾರದಾ?”

“ಪರವಾಗಿಲ್ಲ ಆಂಟಿ.”

ಯಜಮಾನಿ ದಿಂಬು ಇಟ್ಟು ಇಳಿದುಬಂದಳು. ಏನೋ ಸರಿಯಿಲ್ಲ ಎನಿಸಿತು. ಏನೆಂದು ಹೊಳೆಯಲಿಲ್ಲ.

ಹೊಳೆದದ್ದು ಕೋಟು ಸುಟ್ಟ ದಿನ. ಇಸ್ತ್ರಿ ಮಾಮ ಹಲ್ಲುನೋವೆಂದು ಬಂದಿರಲಿಲ್ಲ. ಹುಡುಗಿಯೇ ಇಸ್ತ್ರಿಗೆ ನಿಂತಿದ್ದಳು. ಮೇಜಿನ ಮೇಲಿದ್ದದ್ದು ವಾದ್ಯಮೇಳದಲ್ಲಿ ತುತ್ತೂರಿ ಊದುವವನ ಬಿಳಿ ಕೋಟು. ಸಂಜೆಯ ಕಾರ್ಯಕ್ರಮಕ್ಕೆ ಅವನಿಗದು ಬೇಕೇ ಬೇಕಿತ್ತು. ಅಷ್ಟರಲ್ಲಿ ಕೌಂಟರಿನ ಫೋನು ಬಡಿದುಕೊಂಡಿತು. ಹುಡುಗಿ ಓಡಿದಳು. ಸುಟ್ಟ ವಾಸನೆ ಯಜಮಾನಿಯ ಮೂಗಿಗೆ ಬಡಿಯುವ ಹೊತ್ತಿಗೆ ಕೋಟಿನ ಎಡ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಕಂದಾಗಿ ಅಚ್ಚೊತ್ತಿತ್ತು.

ಯಜಮಾನಿ ಬೈದಳು. ಇಸ್ತ್ರಿ ಮಾಮನನ್ನಾದರೂ ಗಂಡನನ್ನಾದರೂ ಹೇಗೆ ಬೈಯುತ್ತಿದ್ದಳೋ ಹಾಗೆಯೇ, ಪಕ್ಕದ ಅಂಗಡಿಯವನು ಇಣುಕಿ ನೋಡುವಂತೆ ಬೈದಳು. “ಕಣ್ಣು ಎಲ್ಲಿಟ್ಟಿದ್ದೆ? ಫೋನು ಹೊಡ್ಕೊಂಡ್ರೆ ಹೊಡ್ಕೊಳ್ಳಲಿ, ಕೈಲಿರೋದನ್ನ ಬಿಟ್ಟು ಓಡ್ತಾರಾ ಯಾರಾದ್ರೂ?” ಎಂದು ಕೋಟನ್ನು ಕಿತ್ತುಕೊಂಡು ಒಳಗಿನ ಹೊಲಿಗೆ ಯಂತ್ರದ ಮುಂದೆ ಕೂತಳು. ಕೋಟಿನ ಒಳಮಡಿಕೆಯಲ್ಲಿ ಅದೇ ಬಟ್ಟೆ ಒಂದಿಷ್ಟು ಹೆಚ್ಚಿಗೆ ಇತ್ತು. ಅದನ್ನು ಬಿಚ್ಚಿ, ಕತ್ತರಿಸಿ, ಸುಟ್ಟ ಕಲೆಯ ಮೇಲೆ ನೀಟಾಗಿ ಒಂದು ಜೇಬು ಹೊಲಿದಳು. ದಾರ ಕಚ್ಚಿ ಹರಿಯುವಾಗ ಅವಳ ಸಿಟ್ಟು ಅರ್ಧಕ್ಕರ್ಧ ಇಳಿದಿತ್ತು.

ಹೊರಗೆ ಬಂದರೆ ಹುಡುಗಿ ಕೌಂಟರಿನ ಮುಂದೆ, ಗಿರಾಕಿಗಳು ನಿಲ್ಲುವ ಕಡೆ ನಿಂತಿದ್ದಳು. ಹೆಗಲ ಮೇಲೆ ಚೀಲ. ಕೋಣೆಯ ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟಿದ್ದಳು.

“ಎಲ್ಲಿಗೆ?”

“ಕೋಣೆ ಗುಡಿಸಿದ್ದೀನಿ ಆಂಟಿ. ಹಾಸಿಗೆ ಮಡಚಿಟ್ಟಿದ್ದೀನಿ.”

“ನಾನು ಕೇಳಿದ್ದು ಎಲ್ಲಿಗೆ ಅಂತ.”

ಹುಡುಗಿ ನೆಲ ನೋಡಿದಳು. “ನೀವು ಹೇಳೋ ಮುಂಚೆ ನಾನೇ ಹೋದ್ರೆ ಒಳ್ಳೇದಲ್ವಾ. ಹೇಳೋದು ನಿಮಗೂ ಕಷ್ಟ.”

ಯಜಮಾನಿಗೆ ಆಗ ಹೊಳೆಯಿತು. ಖಾಲಿ ಬೀರು, ಒದ್ದೆ ಟವೆಲ್ಲು, ಬಾಗಿಲ ಪಕ್ಕದ ಚೀಲ ಎಲ್ಲ ಒಟ್ಟಿಗೆ ಅರ್ಥವಾಯಿತು. ಈ ಮಗು ಬಂದ ದಿನದಿಂದಲೂ ಹೊರಡಲು ತಯಾರಾಗಿಯೇ ಇತ್ತು.

“ಯಾರು ಹೇಳಿದ್ರು ಹೋಗು ಅಂತ?”

“ಬೈದ್ರಲ್ಲ.”

“ಬೈದೆ. ಬೈಸಿಕೊಂಡವರೆಲ್ಲ ಹೊರಟುಹೋಗೋದಾಗಿದ್ರೆ ಈ ಮನುಷ್ಯ ಮದುವೆಯಾದ ವಾರಕ್ಕೇ ಹೋಗಬೇಕಿತ್ತು.”

“ಹೊರಟಿದ್ದೆ,” ಎಂದ ಗಂಡ ಒಗೆಯುವ ಯಂತ್ರದ ಹಿಂದಿನಿಂದ. “ಚಪ್ಪಲಿ ಸಿಗಲಿಲ್ಲ.”

ಹುಡುಗಿ ನಗಲಿಲ್ಲ. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಯಜಮಾನಿಗೆ ಏನೇನೋ ಹೇಳಬೇಕೆನಿಸಿತು. ಆದರೆ ಬಂದದ್ದು ಗದರುವ ದನಿಯೇ. “ನೋಡು, ಇಲ್ಲಿ ಬೈದ ಮೇಲೆ ಊಟ. ಊಟ ಆದ ಮೇಲೂ ಸಿಟ್ಟು ಉಳಿದಿದ್ರೆ ಇನ್ನೊಂದು ಸಲ ಬೈತೀನಿ. ನಡಿ, ತಟ್ಟೆ ಹಾಕು.”

ಹುಡುಗಿ ತಟ್ಟೆ ಹಾಕಿದಳು. ಚೀಲ ಹೆಗಲಲ್ಲಿ ಇಟ್ಟುಕೊಂಡೇ ಊಟಕ್ಕೆ ಕೂತಳು. ತೆಗೆದಿಡು ಎಂದು ಯಾರೂ ಹೇಳಲಿಲ್ಲ. ನಾಲ್ಕು ತುತ್ತು ಇಳಿದ ಮೇಲೆ ಪಟ್ಟಿ ತಾನಾಗಿ ತೋಳಿಗೆ ಜಾರಿತು. ಹುಡುಗಿ ಚೀಲವನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಇಟ್ಟಳು. ಆಮೇಲೆ ಅವಳ ಕಣ್ಣಿಂದ ನೀರು ಇಳಿಯತೊಡಗಿತು, ಸದ್ದಿಲ್ಲದೆ, ನೇರ ತಟ್ಟೆಗೆ. ಗಂಡ ತಲೆಯೆತ್ತದೆ, ಒಗೆಯುವ ಯಂತ್ರದ ಬೆಲ್ಟು ಸವೆದಿರುವ ವಿಷಯವನ್ನು ತಾನೇ ಹೇಳಿ ತಾನೇ ಹೂಂಗುಟ್ಟುತ್ತ ಊಟ ಮುಗಿಸಿದ.

ಸಂಜೆ ತುತ್ತೂರಿಯವನು ಬಂದ. ಕೋಟು ತೊಟ್ಟು ಎದೆ ಮುಟ್ಟಿ ನೋಡಿಕೊಂಡ. “ಈ ಜೇಬು ಮೊದಲು ಇತ್ತಾ?”

ಯಜಮಾನಿ ಬಾಯಿ ತೆರೆಯುವ ಮೊದಲೇ ಹುಡುಗಿ, “ಇರಲಿಲ್ಲ. ಕೆಳಗೆ ಸುಟ್ಟಿದೆ. ಸುಟ್ಟಿದ್ದು ನಾನೇ,” ಎಂದಳು.

ಅವನು ಅವಳನ್ನೊಮ್ಮೆ ನೋಡಿದ. ಕರವಸ್ತ್ರ ತೆಗೆದು ಜೇಬಿಗೆ ಇಳಿಬಿಟ್ಟು ಕನ್ನಡಿ ನೋಡಿದ. “ಊದಿ ಊದಿ ಬೆವರುತ್ತೆ, ಕರವಸ್ತ್ರಕ್ಕೆ ಜಾಗವೇ ಇರಲಿಲ್ಲ. ಒಳ್ಳೇದೇ ಆಯ್ತು,” ಎಂದು ಹೊರಟುಹೋದ. ಅದು ನಿಜವೋ, ಹುಡುಗಿಯ ಮುಖ ನೋಡಿ ಕಟ್ಟಿದ ಮಾತೋ, ಯಜಮಾನಿಗೆ ಕೊನೆಗೂ ತಿಳಿಯಲಿಲ್ಲ.

ಮರುದಿನ ಕೊಡೆ ಮೇಡಂಗೆ ಯಜಮಾನಿ ಎಲ್ಲ ಹೇಳಿದಳು, ಪಕ್ಕದವನು ಇಣುಕಿದ್ದನ್ನೂ ಬಿಡದೆ. “ಬೈಯಬಾರದಿತ್ತೇನೋ,” ಎಂದಳು.

“ಬೈಯಿರಿ. ಆದ್ರೆ ಬೈದ ಮೇಲೆ ‘ಇರು’ ಅಂತ ಬಾಯಿಬಿಟ್ಟು ಹೇಳಿ. ನಮಗೆಲ್ಲ ಅದು ಹೇಳದೇ ಗೊತ್ತು. ಇವಳಿಗೆ ಯಾರೂ ಹೇಳಿಲ್ಲ.” ಆಮೇಲೆ ಹುಡುಗಿಯನ್ನು ಕೂರಿಸಿಕೊಂಡು, ಗಂಡ ಹೆಂಡತಿ ಇಬ್ಬರ ಎದುರಿಗೇ ಮೇಡಂ ಹೇಳಿದರು: “ಇಲ್ಲಿಂದ ಇದ್ದಕ್ಕಿದ್ದಂತೆ ಯಾರೂ ನಿನ್ನನ್ನ ಕಳಿಸಲ್ಲ. ಹೋಗೋ ಕಾಲ ಬಂದ್ರೆ, ಮುಂದಿನ ಮನೆ ನೀನೇ ನೋಡಿ, ಒಪ್ಪಿದ ಮೇಲೆ ಹೋಗ್ತೀಯ. ಅಲ್ಲೀವರೆಗೂ ಈ ಕೋಣೆ ನಿಂದು.”

“ಹೌದು, ನಿಂದೇ,” ಎಂದಳು ಯಜಮಾನಿ. ಆ ಮಾತು ಗಂಡನಿಗಿಂತ ಮೊದಲು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ.

ಬದಲಾವಣೆ ನಿಧಾನವಾಗಿ ಬಂತು. ಮೊದಲು ಟವೆಲ್ಲು ಮೊಳೆಗೆ ಏರಿತು. ಆಮೇಲೆ ಬಟ್ಟೆ ಬೀರುವಿಗೆ ಹೋಯಿತು. ಒಂದು ಬೆಳಿಗ್ಗೆ ಹುಡುಗಿ ಚಹಾ ಕುಡಿದು, “ಸಕ್ಕರೆ ಕಡಿಮೆ,” ಎಂದಳು. ಇಸ್ತ್ರಿ ಮಾಮ ಕೈಲಿದ್ದ ಲೋಟ ಕೆಳಗಿಟ್ಟು, ಇನ್ನು ತಾನಿಟ್ಟ ಹೆಸರು ನಡೆಯುವುದಿಲ್ಲ ಎಂದು ಘೋಷಿಸಿದ. ಬೀದಿಯ ಕೊನೆಯ ಬೇಕರಿಯವನು ವಿಷಯ ಕೇಳಿ ತಾನೂ ಕೊಡೆ ಮೇಡಂ ಕಡೆಯ ಒಬ್ಬ ಹುಡುಗನನ್ನು ಇಟ್ಟುಕೊಂಡ. ಅದೇ ಬೀದಿಯ ಮುದ್ರಣಾಲಯದವರು ತಮ್ಮ ಹಿತ್ತಲ ಗೋದಾಮನ್ನು ಎರಡು ಕೋಣೆ ಮಾಡಿಸಿ ಮೇಡಂ ಸಂಸ್ಥೆಗೆ ಕೊಟ್ಟರು.

ವರ್ಷ ತಿರುಗುವ ಹೊತ್ತಿಗೆ ಹುಡುಗಿ ಯಂತ್ರ ರಿಪೇರಿಯ ಸಂಜೆ ತರಗತಿಗೆ ಸೇರುತ್ತೇನೆಂದಳು. ಮೇಡಂ ಸಂಸ್ಥೆಯೇ ಸೀಟು ಕೊಡಿಸಿತ್ತು.

“ಅಷ್ಟು ದೂರ, ಕತ್ತಲಾದ ಮೇಲೆ ಬಸ್ಸು. ಬೇಡ,” ಎಂದಳು ಯಜಮಾನಿ.

“ನಾನು ಹೋಗೇ ಹೋಗ್ತೀನಿ.”

“ಬೇಡ ಅಂದೆ.”

“ನೀವು ಬೇಡ ಅಂದ್ರೂ ಹೋಗ್ತೀನಿ,” ಎಂದು ಹುಡುಗಿ ಮೆಟ್ಟಿಲು ಹತ್ತಿ ಬಾಗಿಲನ್ನು ದಡಾರನೆ ಹಾಕಿಕೊಂಡಳು. ಆಮೇಲೆ ಇಬ್ಬರದೂ ಚಿಕ್ಕ ಮಕ್ಕಳು ಠೂ ಬಿಟ್ಟ ಹಾಗೆ ಮಾತಿಲ್ಲ ಕಥೆಯಿಲ್ಲ. ನಡುವೆ ಗಂಡನೇ ಟಪಾಲು. “ಸಾಬೂನಿನ ಪುಡಿ ಮುಗೀತಂತೆ ಅಂತ ಅವಳು ಹೇಳಿದ್ಲು,” “ಗೂಡಿನಲ್ಲಿದೆ ಅಂತ ಇವಳು ಹೇಳಿದ್ಲು.” ಅವನೂ ಎಷ್ಟು ದಿನ ತಡೆದಾನು? “ನೀವಿಬ್ಬರೂ ಕೂತು ಜಗಳ ಆಡಿಬಿಡಿ, ನನ್ನ ಕಾಲು ನೋಯ್ತಿದೆ,” ಎಂದ.

ತರಗತಿಯ ಮೊದಲ ದಿನ ಯಜಮಾನಿ ಏನೂ ಹೇಳದೆ ಸೀರೆ ಬದಲಿಸಿ ಬಂದು, ಬಸ್ಸಿನಲ್ಲಿ ಹುಡುಗಿಯ ಪಕ್ಕ ಕೂತಳು. “ನಿಲ್ದಾಣ ಎಲ್ಲಿ ಬರುತ್ತೆ ಅಂತ ನೋಡಬೇಕು, ಅಷ್ಟೇ,” ಎಂದಳು. ತರಗತಿ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕಾದಳು.

ಬರುವಾಗ ಹುಡುಗಿ ಕೈ ಆಡಿಸುತ್ತ ಮೋಟಾರಿನ ವಿಷಯ ಹೇಳುತ್ತಲೇ ಇದ್ದಳು. ಹೇಳುತ್ತ ಹೇಳುತ್ತ ಮಾತು ತೊದಲಿತು, ತಲೆ ವಾಲಿ ಯಜಮಾನಿಯ ಹೆಗಲಿಗೆ ಬಂತು. ಬಾಯಿ ಚೂರು ತೆರೆದಿತ್ತು. ಇಳಿಯುವ ನಿಲ್ದಾಣ ಬಂದು ಬಸ್ಸು ನಿಂತಿತು. ಯಜಮಾನಿ ಎಬ್ಬಿಸಲು ಕೈ ಎತ್ತಿದವಳು, ಹಣೆಯ ಮೇಲೆ ಬಿದ್ದಿದ್ದ ಕೂದಲು ಸರಿಸಿ ಸುಮ್ಮನಾದಳು. ಬಸ್ಸು ಮುಂದಕ್ಕೆ ಹೊರಟಿತು.

ಕೊನೆಯ ನಿಲ್ದಾಣದಲ್ಲಿ ಇಳಿದು ವಾಪಸ್ಸು ನಡೆಯುವಾಗ ದಾರಿಯುದ್ದಕ್ಕೂ ಹುಡುಗಿ ಗೊಣಗಿದಳು. “ಎಬ್ಬಿಸಬಾರದಿತ್ತಾ? ಇಷ್ಟು ದೂರ ಯಾರು ನಡೀತಾರೆ?”

“ನನಗೂ ತೂಕಡಿಕೆ ಬಂದಿತ್ತು ಮಾರಾಯ್ತಿ,” ಎಂದಳು ಯಜಮಾನಿ, ಹೆಗಲು ನೀವಿಕೊಳ್ಳುತ್ತ.