ಕರಿಯ ಹಿಡಿದ ಕೈ

ಉಮಾಮಹೇಶ್ವರಿ ಬಂಗಾರಪೇಟೆಯ ಪಶು ಆಸ್ಪತ್ರೆಯ ಜಗಲಿಯ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಅವಳ ಗಂಡ ವೇಣುಗೋಪಾಲ್ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು, ಡಾಕ್ಟರ್ ಸುಧಾಕರ್ ಮುಂದೆ ಕಥೆ ಕಟ್ಟಿ ಹೇಳುತ್ತಿದ್ದ.

"ಈ ನಾಯಿಗೆ ಹುಚ್ಚು ಹಿಡಿದೈತೆ ಸಾರ್. ಅನ್ನ ಹಾಕಿದ ಕೈಗೇ ಬಾಯಿ ಹಾಕ್ತು. ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ."

ಅನ್ನ ಹಾಕಿದ ಕೈಯಂತೆ! ಉಮಾಳ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದಲ್ಲಿ ಆ ಕೈ ನಾಯಿಗೆ ಒಂದು ಲೋಟ ನೀರಿಟ್ಟಿರಲಿಲ್ಲ.

ವೇಣು ಸೈಟು ಮಾರಿಸುವ ಬ್ರೋಕರು. ಗಿರಾಕಿಗಳ ಮುಂದೆ ಗತ್ತಿರಲಿ ಅಂತ ಬೆಂಗಳೂರಿನಿಂದ ಟಿಬೆಟಿನ ಮ್ಯಾಸ್ಟಿಫ್ ಜಾತಿಯ ನಾಯಿಮರಿ ತಂದು 'ಲಯನ್' ಅಂತ ಹೆಸರಿಟ್ಟ. ಕಾರಿನ ಪಕ್ಕ ನಿಲ್ಲಿಸಿ ಫೋಟೋ ಹೊಡೆಸಿದ. ಆದರೆ ಆ ನಾಯಿ ಕೂರು ಅಂದರೆ ಕೂರಲಿಲ್ಲ, ಶೇಕ್‌ಹ್ಯಾಂಡ್ ಕೊಡಲಿಲ್ಲ, ಬೆಳೆದಂತೆ ಇರುಳೆಲ್ಲ ಗುಡುಗಿನಂತೆ ಬೊಗಳಿತು. ಅವನಿಗೆ ಬೇಸರ ಬಂತು. ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ ಉಮಾ, ಅದಕ್ಕೆ ಕರಿಯ ಅಂತ ಹೆಸರಿಟ್ಟು ಸಾಕಿದಳು. ಬೇಸಿಗೆಯಲ್ಲಿ ಅದು ನಾಲಿಗೆ ಚಾಚಿ ಏದುಸಿರು ಬಿಡುವಾಗ ಗೋಣಿತಾಟು ನೆನೆಸಿ ಹಾಸುತ್ತಿದ್ದಳು, ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಇಡುತ್ತಿದ್ದಳು.

ಹೋದ ವರ್ಷ ಸೂಜಿ ಹಾಕಿಸಲು ಬಂದಾಗ ಡಾಕ್ಟರು ಅದರ ಕುತ್ತಿಗೆಯ ದಟ್ಟ ಕೂದಲಲ್ಲಿ ಕೈಯಾಡಿಸಿ ಹೇಳಿದ್ದರು: "ಇದಕ್ಕೆ ಟಿಬೆಟ್ ಕಡೆ ದೋ-ಖ್ಯಿ ಅಂತಾರಮ್ಮ, ಕಟ್ಟಿದ ನಾಯಿ ಅಂತ. ಹಗಲೆಲ್ಲ ಗುಡಾರದ ಮುಂದೆ, ಮಠದ ಬಾಗಿಲಲ್ಲಿ ಕಟ್ಟಿರ್ತಾರೆ. ಕತ್ತಲಾದ್ಮೇಲೆ ಬಿಡ್ತಾರೆ. ಗಂಡಸರು ಮಂದೆ ಹೊಡ್ಕೊಂಡು ಬೆಟ್ಟ ಹತ್ತಿದ್ರೆ, ಹಿಂದೆ ಉಳಿದ ಹೆಂಗಸರಿಗೂ ಮಕ್ಕಳಿಗೂ ಇದೇ ಕಾವಲು. ತೋಳ ಬಂದ್ರೆ ಯಾರ ಅಪ್ಪಣೆಗೂ ಕಾಯಲ್ಲ, ತನಗೆ ತೋಚಿದ್ದೇ ಮಾಡೋದು. ತಲೆತಲಾಂತರದಿಂದ ಹಂಗೇ ಬಂದಿರೋ ಜಾತಿ. ಹಿಮದಲ್ಲಿ ಮಲಗೋ ಪ್ರಾಣೀನ ಈ ಬಿಸಿಲಿಗೆ ತಂದೋರಿಗೆ ಏನನ್ನೋಣ!"

ನಿನ್ನೆ ಭಾನುವಾರ, ಊಟದ ಹೊತ್ತು. ಸಾರಿಗೆ ಉಪ್ಪು ಸಾಲದೆಂದು ವೇಣು ತಟ್ಟೆ ಎಸೆದು ಕೈ ಎತ್ತಿದ. ಎಂಟು ವರ್ಷದಿಂದ ಏಳುತ್ತಿದ್ದ ಕೈ ಅದು. ಉಮಾ ಅಭ್ಯಾಸದಂತೆ ಮುಖ ತಿರುಗಿಸಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ, ಹೊಸ್ತಿಲಲ್ಲಿ ಮಲಗಿದ್ದ ಕರಿಯ ಒಂದು ಸದ್ದೂ ಇಲ್ಲದೆ ಬಂದು ಅವನ ಮಣಿಕಟ್ಟು ಹಿಡಿದು ನಿಂತಿತ್ತು. ಕಚ್ಚಿ ಹರಿಯಲಿಲ್ಲ, ಹಿಡಿದಿತ್ತಷ್ಟೆ. ಅವನೇ ಎಳೆದಾಡಿ ಗಾಯ ಮಾಡಿಕೊಂಡ.

"ಏನಮ್ಮ, ಹೆಂಗಾಯ್ತು?" ಡಾಕ್ಟರು ಈಗ ಅವಳ ಕಡೆ ತಿರುಗಿ ಕೇಳಿದರು.

ವೇಣು ಕಣ್ಣಲ್ಲೇ ಗದರಿಸಿದ. ಹಸು ಹಿಡಿದುಕೊಂಡು ನಿಂತಿದ್ದ ನಾಲ್ಕೈದು ಜನ ಇತ್ತಲೇ ನೋಡುತ್ತಿದ್ದರು. ಉಮಾ ಎದ್ದು ನಿಂತಳು.

"ನಾಯಿ ನೆಟ್ಟಗೈತೆ ಸಾರ್. ಇವ್ರು ನನ್ನ ಒಡೆಯಾಕೆ ಕೈ ಎತ್ತಿದ್ರು, ಅದು ಇಡ್ಕೊಂತು. ಇಂಜೆಕ್ಷನ್ ಕೊಡಾಂಗಿದ್ರೆ ಇವ್ರಿಗೇ ಕೊಡಿ."

ಯಾರೋ ಕಿಸಕ್ಕನೆ ನಕ್ಕರು. ವೇಣುವಿನ ಮುಖ ಕೆಂಪಗಾಯಿತು. "ಲೇ, ಬಾಯಿ ಮುಚ್ಚು! ನಾಯಿ ನಂದು. ಏನು ಬೇಕಾದ್ರೂ ಮಾಡ್ತೀನಿ."

"ಸುಮ್ನಿರ್ರೀ," ಎಂದರು ಡಾಕ್ಟರು ಖಾರವಾಗಿ. "ಕಾಯಿಲೆ ಇಲ್ಲದ ನಾಯೀನ ನಾನು ಕೊಲ್ಲಲ್ಲ. ಇದಕ್ಕೆ ಹುಚ್ಚಿನ ಸೂಜಿ ಎಲ್ಲಾ ಈಯಮ್ಮ ಹಾಕಿಸಿದ್ದಾರೆ. ಆದ್ರೂ ಹತ್ತು ದಿನ ಕಣ್ಣಿಟ್ಟು ನೋಡ್ಲಿ. ನೀವು ದೊಡ್ಡಾಸ್ಪತ್ರೆಗೆ ಹೋಗಿ ಸೂಜಿ ಪೂರ್ತಿ ಮಾಡಿಸ್ಕೊಳ್ಳಿ."

"ಹಂಗಾದ್ರೆ ಇದು ನನ್ನ ಮನೆಗೆ ಕಾಲಿಡಂಗಿಲ್ಲ."

"ಯಾವ್ದು ನಿನ್ ಮನೆ?" ಉಮಾ ಕೇಳಿದಳು. ಎಂಟು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು, ಅದು ಅವಳಿಗೆ ಅರಿವಾದದ್ದೂ ಆಮೇಲೆ. "ಕ್ವಾರ್ಟರ್ಸು ಕಾರ್ಖಾನೆಯೋರು ನನ್ ಹೆಸರಿಗೆ ಕೊಟ್ಟಿರೋದು. ಸಾಯಂಕಾಲದೊಳಗೆ ನಿನ್ ಬಟ್ಟೆ ತಗೊಂಡು ನಿಮ್ಮವ್ವನ ಮನೆಗೆ ಓಗು. ಇಲ್ಲಾಂದ್ರೆ ನಾನು ಸ್ಟೇಷನ್‌ಗೆ ಓಗ್ತೀನಿ. ಇವರೆಲ್ಲಾ ಕೇಳುಸ್ಕೊಂಡವ್ರೆ."

ಲಗೇಜ್ ಆಟೋದ ಹಿಂದೆ ಕರಿಯನ ಪಕ್ಕ ಕೂತು ಮನೆ ಸೇರುವವರೆಗೂ ಅವಳ ಸಿಟ್ಟು ಇಳಿಯಲಿಲ್ಲ. ಅವನ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಇತ್ತು. ಎಂಟು ವರ್ಷ ಕಣ್ಣು ಮುಚ್ಚಿಕೊಂಡು ನಿಂತಿದ್ದೆನಲ್ಲ ಅಂತ.

ಸಂಜೆ ಆರಕ್ಕೆ ವೇಣು ಬಂದು ಎರಡು ಬ್ಯಾಗು ತುಂಬಿಕೊಂಡು ಹೋದ. ಏಳಕ್ಕೆ ಅತ್ತೆಯ ಫೋನು ಬಂತು.

"ಒಂದು ನಾಯಿಗೋಸ್ಕರ ಕಟ್ಟಿಕೊಂಡ ಗಂಡನ್ನೇ ಓಡಿಸ್ದೇನೇ?"

"ಅತ್ತೆ, ಅವ್ನು ನನ್ನ ಒಡೀತಿದ್ದಿದ್ದು ನಿಮಗೆ ಗೊತ್ತಿತ್ತಾ ಇಲ್ವಾ?"

ಅತ್ತೆ ಮತ್ತೆ ನಾಯಿಯ ಮಾತಿಗೇ ಬಂದರು.

"ನಿಮಗೆ ಗೊತ್ತಿತ್ತು," ಅಂದಳು ಉಮಾ. ಫೋನು ಕಟ್ ಮಾಡಿ, ಬಕೆಟ್ಟು ಎತ್ತಿಕೊಂಡು ಕರಿಯನಿಗೆ ನೀರು ಹಿಡಿಯಲು ಹಿತ್ತಲಿಗೆ ಹೋದಳು.